ತೂಕವಿರುವ ಹೆಜ್ಜೆ

ಸುತ್ತುಕುಣಿತದ ತಾಲೀಮು ಮುಗಿಯಲು ಇನ್ನೂ ಎರಡು ಸುತ್ತು ಬಾಕಿ ಇರುವಾಗ ಶಿವಲೀಲಾಳ ಪರದೆಯ ಮೇಲೆ, ಬೀಳಬಾರದ ಕಡೆ, ಒಂದು ಹಳದಿ ಹೆಜ್ಜೆ ಬಿತ್ತು.

ಅವಳು ಮೊದಲು ಪರದೆಯನ್ನು ಸೆರಗಿನಿಂದ ಒರೆಸಿದಳು. ಎಷ್ಟೇ ಓದಿದ ಎಂಜಿನಿಯರ್ ಆದರೂ ಮೊದಲು ಮಾಡುವ ಕೆಲಸ ಅದೇ. ಹೆಜ್ಜೆ ಹೋಗಲಿಲ್ಲ. ಬದಲಿಗೆ ಅದರ ಮುಂದೆ ಇನ್ನೊಂದು ಬಿತ್ತು. ಅಕ್ಕಣಿ ಎಂಬ ಹೆಂಗಸಿನ ಎಡಗಡೆ, ಅವಳ ಕೈಯೂ ಅವಳ ವಾರಗಿತ್ತಿಯ ಕೈಯೂ ಬಿಗಿಯಾಗಿ ಹೆಣೆದುಕೊಂಡಿದ್ದ ಜಾಗದ ಕೆಳಗೆ, ಯಾರೋ ಆ ಎರಡು ಕೈಗಳ ನಡುವೆ ತೂರಿಕೊಂಡು ತಾಳಕ್ಕೆ ಸರಿಯಾಗಿ ಕುಣಿಯುತ್ತಿದ್ದರು. ಕಿಟಕಿಯಿಂದ ಕೆಳಗೆ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ.

ಕಡಲು ಏರಿ ಮರಳಕೋಡಿ ಎಂಬ ಊರನ್ನು ನುಂಗಿ ಬರುವ ಭಾನುವಾರದ ಹಬ್ಬಕ್ಕೆ ಹನ್ನೆರಡು ವರ್ಷ. ಉಳಿದ ಆರುನೂರು ಚಿಲ್ಲರೆ ಜನರನ್ನು ಸರ್ಕಾರ ತಂದು ಇಳಿಸಿದ್ದು ಗದಗ ಸೀಮೆಯ ಎರೆಹೊಲಗಳ ನಡುವೆ. ಮೀನು ಹಿಡಿಯುವವರಿಗೆ ಜೋಳದ ಹೊಲ! ಬಂದವರ ಹತ್ತಿರ ಗುರುತಿನ ಕಾಗದ ಒಂದೂ ಇರಲಿಲ್ಲ. ಬೆರಳಚ್ಚು ತೆಗೆಯೋಣವೆಂದರೆ ಬಲೆಯ ಹಗ್ಗ ಎಳೆದೂ ಎಳೆದೂ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಕೊನೆಗೆ ಇಲಾಖೆಯವರು ಕಾಲನ್ನು ನಂಬಿದರು. ಒಬ್ಬೊಬ್ಬರ ನಡಿಗೆಗೂ ಒಂದೊಂದು ಲಯ, ಒಂದೊಂದು ಒತ್ತಡ. ಅದನ್ನು ಯಾರೂ ಕದಿಯಲಾರರು. ರೇಷನ್ ಅಂಗಡಿ, ಶಾಲೆ, ಆಸ್ಪತ್ರೆಯ ಬಾಗಿಲು, ಎಲ್ಲ ಕಡೆ ಒತ್ತಡ ಅಳೆಯುವ ಹಾಸುಗಲ್ಲು ಕೂರಿಸಿದರು. ಊರ ನಡುವಿನ ಮೈದಾನಕ್ಕೆ ಪೂರ್ತಿ ಅದನ್ನೇ ಹಾಸಿದರು. ಜನ ಅದಕ್ಕೆ ಹೆಜ್ಜೆಗಟ್ಟೆ ಎಂದು ಹೆಸರಿಟ್ಟರು. ಅದರ ಮೂಲೆಯಲ್ಲಿ ಹದಿನೆಂಟು ಮೆಟ್ಟಿಲು ಹತ್ತಿದರೆ, ಈ ಕಲ್ಲುಗಳ ಉಸ್ತುವಾರಿ ನೋಡುವ ಶಿವಲೀಲಾಳ ಕೋಣೆ. ಆ ಮೆಟ್ಟಿಲುಗಳೂ ಅದೇ ಕಲ್ಲಿನವು.

ನಿಜವಾದ ಹೆಜ್ಜೆ ಪರದೆಯ ಮೇಲೆ ಬಿಳಿ. ಅದರ ಪಕ್ಕ ತೂಕವೂ ಕಾಣುತ್ತದೆ. ಹಳದಿ ಎಂದರೆ ಊಹೆ. ಯಾವುದಾದರೂ ಕಲ್ಲು ಕೆಟ್ಟರೆ ಅಕ್ಕಪಕ್ಕದವರ ಓಲಾಟ ನೋಡಿ 'ಇಲ್ಲೊಬ್ಬರು ಇರಲೇಬೇಕು' ಎಂದು ಯಂತ್ರ ಲೆಕ್ಕ ಹಾಕಿ ಹಳದಿ ಹಚ್ಚುತ್ತದೆ. ಹಳದಿಗೆ ತೂಕವಿಲ್ಲ.

ಆದರೆ ಮರಳಕೋಡಿಯವರ ಸುತ್ತುಕುಣಿತ ಯಂತ್ರಕ್ಕೆ ಬೇರೆಯೇ ಪಾಠ ಕಲಿಸಿತು. ಮಳೆಗಾಲ ಮುಗಿದು ದೋಣಿ ಇಳಿಸುವ ಮೊದಲು ಮರಳಿನ ಮೇಲೆ ಕೈಕೈ ಹಿಡಿದು ಕುಣಿಯುತ್ತಿದ್ದ ಕುಣಿತ ಅದು. ಯಾರ ಪಕ್ಕ ಯಾರು ಎನ್ನುವುದು ಹುಟ್ಟಿನಿಂದಲೇ ಗೊತ್ತು. ಕಡಲಿಗೆ ಹೋದವರ, ಎಂದರೆ ಸತ್ತವರ, ಜಾಗವನ್ನು ಯಾರೂ ತುಂಬುವುದಿಲ್ಲ. ಒಂದಾಳು ನಿಲ್ಲುವಷ್ಟು ಬಿಟ್ಟು, ಆ ಕಡೆಯ ಅಂಗೈ ಬಿಚ್ಚಿ ಹಿಡಿಯುತ್ತಾರೆ. ಬದುಕಿರುವವರಿಗೆ, ಅವರು ಎಷ್ಟೇ ದೂರದ ಊರಲ್ಲಿರಲಿ, ಜಾಗ ಬಿಡುವಂತಿಲ್ಲ. ಬಿಟ್ಟರೆ ಕಡಲನ್ನು ಕೈಬೀಸಿ ಕರೆದಂತೆ. ಯಂತ್ರ ಆ ಖಾಲಿ ಜಾಗಗಳಲ್ಲಿ ಹಳದಿ ಹಚ್ಚಿತು. ಒಂದು ವರ್ಷ ಯಾರಿಗೋ ಅದನ್ನು ನೆಲದ ಮೇಲೆಯೇ ದೀಪದಲ್ಲಿ ತೋರಿಸುವ ಯೋಚನೆ ಬಂತು. ತನ್ನ ಗಂಡನ ಹೆಜ್ಜೆ ತನ್ನ ಪಕ್ಕದಲ್ಲೇ ಬೆಳಗಿದ್ದನ್ನು ಕಂಡ ಒಬ್ಬ ಮುದುಕಿ ಅತ್ತು, ನಕ್ಕು, ಮತ್ತೆ ಅತ್ತಳು. ಅಲ್ಲಿಂದ ಮುಂದೆ 'ಬಂದವರ ಹಬ್ಬ'ಕ್ಕೆ ಹತ್ತೂರಿನ ಜನ ಸೇರತೊಡಗಿದರು. ಕಟ್ಟಾ ಶಾಕಾಹಾರಿ ಶರಣರು ಮೀನಿನ ಅಂಗಡಿಯಿಂದ ಮುಖ ತಿರುಗಿಸಿಕೊಂಡು, ಮೂಗನ್ನು ಮಾತ್ರ ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಅಕ್ಕಣಿ ಮಾತ್ರ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಎಡಗೈ ಬಿಟ್ಟವಳಲ್ಲ. ಅವಳ ಎಡಕ್ಕೆ ನಿಲ್ಲುತ್ತಿದ್ದವಳು ಮಗಳು ಚಂದ್ರಾವತಿ, ಒಂಬತ್ತು ವರ್ಷದ ಚಂದು. ಆ ದಿನ ದೋಣಿ ಹತ್ತುವಾಗ ಮಗಳ ಕೈ ಜಾರಿತ್ತು. 'ಎತ್ತಿಕೊಂಡ್ವಿ' ಎಂದು ಇನ್ನೊಂದು ದೋಣಿಯಿಂದ ಯಾರೋ ಕೂಗಿದ್ದು ಕೇಳಿಸಿತ್ತು. ಆ ದೋಣಿ ಯಾವ ದಡಕ್ಕೂ ಬರಲಿಲ್ಲ. ಮುಳುಗಿದ್ದನ್ನು ಕಂಡವರೂ ಇಲ್ಲ.

ಕಾಣೆಯಾದವರ ಪಟ್ಟಿಯಲ್ಲಿ ಇನ್ನೂ ನಲವತ್ತೊಂದು ಹೆಸರಿದ್ದವು. ಈ ವರ್ಷದ ಹಬ್ಬದ ದಿನ ಸೂರ್ಯ ಮುಳುಗುವುದರೊಳಗೆ ಪಟ್ಟಿ ಮುಚ್ಚಬೇಕು, ಎಲ್ಲರನ್ನೂ ಗತಿಸಿದವರೆಂದು ಸಾರಿ ಗೌರವ ಸಲ್ಲಿಸಬೇಕು ಎಂದು ಆದೇಶ ಬಂದಿತ್ತು. ನಲವತ್ತು ಮನೆಯವರು ಒಪ್ಪಿ ಸಹಿ ಹಾಕಿದ್ದರು. ಅಕ್ಕಣಿ ಹಾಕಿರಲಿಲ್ಲ. ಹೆಜ್ಜೆಗಟ್ಟೆ ಸಾಕ್ಷಿ ಹೇಳಿದರೆ ಮಾತ್ರ ಒಂದು ಹೆಸರನ್ನು ಬದುಕಿದವರ ಕಡೆಗೆ ಬರೆಯಬಹುದಿತ್ತು. ಆ ಸಾಕ್ಷಿ ಈಗ ಉಲ್ಟಾ ಹೊಡೆಯುವ ಹಾಗೆ ಕಾಣುತ್ತಿತ್ತು.

ಹಬ್ಬದ ಸಮಿತಿಯ ಅಧ್ಯಕ್ಷ ಪರಪ್ಪ ಕಂಬಳಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಪರದೆ ನೋಡಿದವರೇ ತೊಡೆ ತಟ್ಟಿದರು.

"ಮುಗೀತಲ್ರಿ ಮೇಡಂ! ಬಾಯಿಲೆ ಇಲ್ಲ ಇಲ್ಲ ಅಂದ್ರೇನಾತು, ಕಾಲು ಖರೇ ಹೇಳಾಕತ್ತಾವ. ಅಕಿ ಮಗಳಿಗೆ ಜಾಗಾ ಬಿಟ್ಟಾಳ. ಇನ್ನ ಸಹಿ ಯಾಕ ಬೇಕು?"

"ಕೈ ಬಿಟ್ಟಿಲ್ರಿ ಅಧ್ಯಕ್ಷರ. ಈ ವರ್ಷ ತಂತ್ರಾಂಶ ಹೊಸದು, ಭಾಳ ಸೂಕ್ಷ್ಮ. ಏನರೆ ತಪ್ಪಿರಬಹುದು."

"ತಪ್ಪಿದ್ರ ಭಾನುವಾರನೂ ತಪ್ಪಲಿ ಬಿಡ್ರಿ. ನಲವತ್ತೊಂದು ದೀಪ ಅಂತ ಹೇಳಿ ಪತ್ರಿಕಿ ಹೊಡಸೇವಿ." ಅವರು ಕೆಟ್ಟವರಲ್ಲ. ಹನ್ನೆರಡು ವರ್ಷದ ಹಿಂದೆ ಈ ಜನಕ್ಕೆ ಮೊದಲ ರೊಟ್ಟಿ ಬುತ್ತಿ ಕಟ್ಟಿಸಿದವರೇ ಅವರು. ಆದರೆ ಕೊಟ್ಟ ಕೈಗೆ ಬರಬರುತ್ತ ಕಾರ್ಯಕ್ರಮ ಚೆನ್ನಾಗಿ ಆಗಬೇಕೆಂಬ ಹಟ ಹತ್ತುತ್ತದೆ.

ಆ ಸಂಜೆ ಮನೆಯಲ್ಲಿ ಶಿವಲೀಲಾ ಊಟಕ್ಕೆ ಕುಳಿತಿದ್ದಾಗ ಅತ್ತೆ ಸಂಗವ್ವ ಮಜ್ಜಿಗೆ ಗಡಿಗೆ ಹಿಡಿದು ನಡುಮನೆಯಿಂದ ಬಂದರು. ಓಣಿಯಂಥ ಆ ನಡುಮನೆಯಲ್ಲಿ ಮೊದಲು ಮಾವನ ಮಂಚವಿತ್ತು. ಮಾವ ತೀರಿ ನಾಲ್ಕು ವರ್ಷ. ಮಂಚವನ್ನೂ ಯಾರಿಗೋ ಕೊಟ್ಟಾಗಿತ್ತು. ಆದರೂ ಅತ್ತೆ ಆ ಜಾಗಕ್ಕೆ ಬಂದಾಗ ಮೈಯನ್ನು ಓರೆ ಮಾಡಿ, ಗೋಡೆಗೆ ಬೆನ್ನು ತಾಗಿಸಿ, ಒಂದು ಮಂಚದ ಅಗಲವನ್ನು ತಪ್ಪಿಸಿಕೊಂಡು ಬಂದರು.

"ಅತ್ತೀ, ಯಾಕ ಹಂಗ ಓರೆ ಆಗಿ ಬಂದ್ರಿ?"

"ಎಲ್ಲೆ? ನೆಟ್ಟಗs ಬಂದೆನಲ್ಲ." ಸಂಗವ್ವನಿಗೆ ನಿಜಕ್ಕೂ ಗೊತ್ತಿರಲಿಲ್ಲ. "ರೊಟ್ಟಿ ಆರತಾವ, ಉಣ್ಣು."

ಶಿವಲೀಲಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಂತ್ರ ತಪ್ಪಿರಲಿಲ್ಲ. ಕೈ ಹಿಡಿದೇ ಇದ್ದರೂ ಅಕ್ಕಣಿಯ ಸೊಂಟ, ಮಂಡಿ, ಪಾದ ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಬಲಕ್ಕೆ ಸರಿದು ಯಾರಿಗೋ ಎಡೆ ಮಾಡಿಕೊಡುತ್ತಿದ್ದವು. ಹಳೆಯ ತಂತ್ರಾಂಶಕ್ಕೆ ಅದು ಕಂಡಿರಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಅವಳು ಹಿಂದಿನ ಹಬ್ಬಗಳ ದಾಖಲೆಗಳನ್ನೆಲ್ಲ ಹೊರತೆಗೆದು ಹೊಸ ತಂತ್ರಾಂಶದ ಬಾಯಿಗೆ ಹಾಕಿದಳು. ಕಡತಕ್ಕೆ 'ಅಕ್ಕಣಿ-ಎಡ' ಎಂದು ಹೆಸರಿಟ್ಟಳು. ಪ್ರತಿ ವರ್ಷವೂ ಹಳದಿ ಹೆಜ್ಜೆ ಇತ್ತು. ಆದರೆ ಅವಳು ಎರಡೆರಡು ಸಲ ಲೆಕ್ಕ ಹಾಕಿ ನೋಡಿದ್ದು ಅದನ್ನಲ್ಲ. ಉಳಿದ ಸತ್ತವರ ಹೆಜ್ಜೆಗಳು ಮೊದಲ ವರ್ಷ ಹೇಗಿದ್ದವೋ ಇಂದಿಗೂ ಹಾಗೇ ಇದ್ದವು. ಸತ್ತವರು ಬದಲಾಗುವುದಿಲ್ಲವಲ್ಲ. ಅಕ್ಕಣಿಯ ಎಡಗಡೆಯ ಹೆಜ್ಜೆಯೋ, ಮೊದಲ ವರ್ಷ ಹೆಜ್ಜೆಯಿಂದ ಹೆಜ್ಜೆಗೆ ನಲವತ್ತೆರಡು ಸೆಂಟಿಮೀಟರ್ ದಾಪು. ಮರುವರ್ಷ ನಲವತ್ತನಾಲ್ಕು. ಹುಡುಗಿಗೆ ಹದಿಮೂರು ತುಂಬಬೇಕಾದ ವರ್ಷ ಒಮ್ಮೆಲೇ ಜಿಗಿದು ಐವತ್ತೆರಡು. ಆಮೇಲೆ ನಿಧಾನವಾಗಿ ಅರವತ್ತೊಂದಕ್ಕೆ ಬಂದು ನಿಂತಿತ್ತು.

ಅದು ಬೆಳೆದಿತ್ತು.

ಅಕ್ಕಣಿಯ ಮನೆ ಮೂರನೆಯ ಸಾಲಿನಲ್ಲಿ. ಅವಳು ಜಗಲಿಯಲ್ಲಿ ಕಾಲು ಚಾಚಿ ಬಲೆ ಹೆಣೆಯುತ್ತಿದ್ದಳು. ಮೀನಿಗಲ್ಲ, ದಾಳಿಂಬೆ ತೋಟಕ್ಕೆ ಹೊದಿಸುವ ಹಕ್ಕಿಬಲೆ. ಮರಳಕೋಡಿಯ ಹೆಂಗಸರ ಕೈಯ ಬಲೆಯೆಂದರೆ ಆ ಸೀಮೆಯಲ್ಲಿ ಗಿಳಿಗಳಿಗೂ ಹೆದರಿಕೆ.

"ಕೂಕಣಿ ಲೀಲಮ್ಮ," ಎಂದು ತಲೆ ಎತ್ತದೆಯೇ ಪಕ್ಕದ ಚಾಪೆ ತೋರಿಸಿದಳು. "ಎಂತಕ್ಕೆ ಬಂದದ್ದ್ ಅಂದೇಳಿ ಗೊತಿತ್ತ್. ಪರಪ್ಪನೋರ್ ಊರೆಲ್ಲ ಹೇಳ್ಕಂಡ್ ಬಂದಿರ್. ನಾನ್ ಮಗ್ಳಿಗೆ ಜಾಗ ಬಿಟ್ಟಿದೆ ಅಂಬ್ರ್. ಬಿಟ್ಟಿಲ್ಲೆ. ನನ್ನ ವಾರಗಿತ್ತಿ ಕೈಯಂಗೆ ನನ್ನ ಉಗುರಿನ ಗಾಯ ಇತ್ತ್, ಬೇಕಾರೆ ಹೋಯಿ ಕಾಣಿ."

ಶಿವಲೀಲಾಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅತ್ತೆಯ ಮಂಚದ ಕಥೆಯಿಂದ ಶುರು ಮಾಡಿದಳು. ದಾಪುಗಳ ಲೆಕ್ಕ ಹೇಳಿ ಮುಗಿಸುವಾಗ ಅಕ್ಕಣಿಯ ಬೆರಳು ನಿಂತಿದ್ದವು.

"ಅಕ್ಕಾರ, ಇದು ಯಂತ್ರಕ್ಕ ನಿಮ್ಮ ಮೈಯಿಂದ ಗೊತ್ತಾಗೂದು. ಮಗಳು ಈಗ ಇಷ್ಟು ದೊಡ್ಡಾಕಿ ಆಗಿರಬೇಕು ಅಂತ ನೀವು ಮನಸಿನ್ಯಾಗ ಅಂದಕೊಂಡಿರ್ತೀರಿ. ಅದಕ್ಕs ನಿಮ್ಮ ಕಾಲು—"

"ಇಲ್ಲೆ," ಎಂದಳು ಅಕ್ಕಣಿ. "ನಾನ್ ಹಾಂಗ್ ಅಂದ್ಕಂಡೇ ಇಲ್ಲೆ. ಕನ್ಸಲ್ಲಿ ಬಪ್ಪುದ್ ಒಂಬತ್ತ್ ವರ್ಷದ್ದೇ. ನಂಗೆ ಅವ್ಳ ದೊಡ್ಡ ಮುಖ ಕಾಂಬುಕೇ ಬತ್ತಿಲ್ಲೆ, ಎಷ್ಟ್ ಕಷ್ಟಪಟ್ರೂ." ಅವಳು ಬಲೆಯನ್ನು ಪಕ್ಕಕ್ಕಿಟ್ಟು ಕೇಳಿದಳು: "ಎಡಗಾಲ್ ಸ್ವಲ್ಪ ಹೊರಗೆ ತಿರ್ಗಿತ್ತಾ?"

ಶಿವಲೀಲಾಗೆ ಪರದೆ ನೆನಪಾಯಿತು. ತಿರುಗಿತ್ತು. ಪ್ರತಿ ವರ್ಷವೂ.

"ಒಂದ್ ಹೇಳಿ. ಈ ಹಳದಿದ್ದ್ ಎಲ್ಲ ಸತ್ತೋರ್ದೇಯಾ?"

"ಇಲ್ಲದವರದು ಅಂತ ಅಷ್ಟs. ಹಳದಿಗೆ ತೂಕ ಇರಂಗಿಲ್ಲ ಅಕ್ಕಾರ. ಬದುಕಿರೋರ ಹೆಜ್ಜಿಗೆ ತೂಕ ಇರತೈತಿ. ಅದು ಬಿಳಿ."

"ಹಾಂಗಾರೆ ನಾನ್ ಈ ಸಲ ಕುಣಿತಿಲ್ಲೆ," ಎಂದಳು ಅಕ್ಕಣಿ. "ನನ್ನ ಮೈ ಕಂಡ್ ಅಲ್ದಾ ಯಂತ್ರ ಅವ್ಳನ್ನ ಸಾಯ್ಸುದ್? ನನ್ನ ಮೈಯೇ ಇಲ್ದಿರೆ ಎಂತ ಮಾಡ್ತ್ ಕಾಂಬ."

ಭಾನುವಾರ ಮಧ್ಯಾಹ್ನದಿಂದಲೇ ಜನ. ಒಂದು ಕಡೆ ಒಣಮೀನಿನ ಚಟ್ನಿ, ಇನ್ನೊಂದು ಕಡೆ ಮಿರ್ಚಿ ಬಜಿ. ಎರಡರ ಹೊಗೆಯೂ ಮೇಲೆ ಹೋಗಿ ಸಂಬಂಧ ಬೆಳೆಸಿದ್ದವು. ಶಾಲೆಯ ಮಕ್ಕಳು ರಟ್ಟಿನ ದೋಣಿ ಹೊತ್ತು ಮೆರವಣಿಗೆ ಮಾಡಿದರು. ಪರಪ್ಪನವರು ಮೈಕಿನಲ್ಲಿ ಬಂದವರ ಸಂಸ್ಕೃತಿಯನ್ನು ಕೊಂಡಾಡಿದರು. ಬಂದವರು ಹನ್ನೆರಡನೆಯ ಸಲ ಅದನ್ನು ವಿನಯದಿಂದ ಕೇಳಿಸಿಕೊಂಡರು.

ಸೂರ್ಯ ಹೊಲದಂಚಿಗೆ ಬಂದಾಗ ಅಕ್ಕಣಿ ಮೆಟ್ಟಿಲು ಹತ್ತಿ ಶಿವಲೀಲಾಳ ಕೋಣೆಗೆ ಬಂದಳು. ಹಬ್ಬದ ಸೀರೆ ಉಟ್ಟಿದ್ದಳು. ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಳು. ಕೋಣೆ ಬಹಳ ಚಿಕ್ಕದು; ಎರಡು ಆಳಿಗೆ ಸರಿ, ಮೂರನೆಯವರಿಗೆ ಕಷ್ಟ.

ಕೆಳಗೆ ಗುಮ್ಮಟೆ ಬಾರಿಸಿದರು. ಸುತ್ತು ಹೊರಟಿತು. ಒಂದೊಂದಾಗಿ ಹಳದಿ ದೀಪಗಳು ನೆಲದಲ್ಲಿ ಬೆಳಗಿದವು. ಜನ ಉಸಿರು ಬಿಗಿಹಿಡಿದರು. ಅಕ್ಕಣಿ ಇಲ್ಲದ ಜಾಗದಲ್ಲಿ ಅವಳ ವಾರಗಿತ್ತಿ ಆಚೆಯವರ ಕೈ ಹಿಡಿದು ಸುತ್ತನ್ನು ಮುಚ್ಚಿದ್ದಳು. ಮೊದಲ ಸುತ್ತು ಮುಗಿಯಿತು. ಅಲ್ಲಿ ಏನೂ ಇಲ್ಲ. ಅಕ್ಕಣಿ ನಿಟ್ಟುಸಿರು ಬಿಟ್ಟಳು.

ಎರಡನೆಯ ಸುತ್ತಿನಲ್ಲಿ ಆ ಮುಚ್ಚಿದ ಕೈಗಳ ಕೆಳಗೆ ಹಳದಿ ಹತ್ತಿತು.

ಮೇಜಿನ ಮೇಲಿನ ಫೋನು ಕೂಡಲೇ ಅರಚಿತು. "ಹತ್ತಿತ್ರಿ ಮೇಡಂ! ಹುಡುಗೀದs ಹೌದಲ್ಲ? ಸಾರೂಣಲ್ಲ?" ಪರಪ್ಪನವರ ದನಿ.

ಶಿವಲೀಲಾ ಲಯ ಹೊಂದಿಸಿ ನೋಡಿದಳು. "ಅಲ್ರಿ ಅಧ್ಯಕ್ಷರ. ಅದು ಅಕ್ಕಣಿ ಅಕ್ಕಾರ ಹೆಜ್ಜಿ."

"ಅವರು ಜೀವಂತ ಅದಾರಲ್ರಿ!"

"ಇಲ್ಲೇ ನನ್ನ ಮಗ್ಗಲ ಕುಂತಾರ. ಆದರ ಕೆಳಗಿನವರು ಅವರಿಗೆ ಜಾಗಾ ಬಿಟ್ಟಾರ. ಕೈ ಬಿಟ್ಟಿಲ್ಲ, ಮೈ ಬಿಟ್ಟಾರ." ಅವಳು ಫೋನು ಇಟ್ಟುಬಿಟ್ಟಳು. ಯಾಕೆಂದರೆ ಅಷ್ಟರಲ್ಲಿ ಅಕ್ಕಣಿಯ ಹಳದಿಯ ಎಡಕ್ಕೆ ಇನ್ನೊಂದು ಹೆಜ್ಜೆ ಬಿದ್ದಿತ್ತು.

ಅದು ಬಿಳಿಯದು.

ನೆಲದ ಮೇಲೆ ಬಿಳಿಗೆ ದೀಪವಿಲ್ಲ. ಬದುಕಿದವರನ್ನು ಯಾಕೆ ಬೆಳಗಬೇಕು? ಕೆಳಗಿನ ಸಾವಿರಾರು ಜನರಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಪರದೆಯ ಮೇಲೆ ಮಾತ್ರ ಹೆಜ್ಜೆಯ ಪಕ್ಕ ಅಂಕೆ ಮೂಡಿತು: ಐವತ್ತೊಂದು ಕಿಲೋ. ಕ್ಯಾಮೆರಾ ಹತ್ತಿರಕ್ಕೆ ತಂದಳು. ಇಬ್ಬರು ಹೆಂಗಸರ ಹೆಣೆದ ಕೈ, ಕೆಳಗೆ ಬರಿಯ ಕಲ್ಲು, ಕಲ್ಲಿನ ಮೇಲೆ ಯಾರೋ ಚೆಲ್ಲಿದ ಮಂಡಕ್ಕಿ. ಕಲ್ಲು ಕೆಟ್ಟಿರಬೇಕು ಎಂದುಕೊಂಡಳು. ಆದರೆ ಕೆಟ್ಟ ಕಲ್ಲು ಇದ್ದಲ್ಲೇ ಇರುತ್ತದೆ. ಈ ತೂಕ ಕಲ್ಲಿನಿಂದ ಕಲ್ಲಿಗೆ ತಾಳ ತಪ್ಪದೆ ದಾಟುತ್ತಿತ್ತು. ಅದು ದಾಟಿದಲ್ಲಿ ಮಂಡಕ್ಕಿ ಪುಡಿಯಾಯಿತು.

ಯಂತ್ರ ತಾನಾಗಿಯೇ ಬರೆಯಿತು: ದಾಪು ಅರವತ್ತೊಂದು. ಎಡಪಾದ ಹೊರಮುಖ. ಹೊಂದಿಕೆ ನೂರಕ್ಕೆ ತೊಂಬತ್ತಾರು. ಹೆಸರು: ಅಕ್ಕಣಿ-ಎಡ.

"ಅದೆಂತ ಬೆಳಿ?" ಅಕ್ಕಣಿ ಎದ್ದು ಬೆನ್ನ ಹಿಂದೆ ನಿಂತು ಆ ಬಿಳಿ ಹೆಜ್ಜೆಯತ್ತ ಬೆರಳು ತೋರಿಸುತ್ತಿದ್ದಳು.

ಶಿವಲೀಲಾಗೆ ಸುಳ್ಳು ಹೇಳುವ ಮನಸ್ಸಾಯಿತು. ಭಯವೂ ಆಗಿತ್ತು. ಈ ಹೆಂಗಸಿಗೆ ಹನ್ನೆರಡು ವರ್ಷದ ಮೇಲೆ ಏನನ್ನು ಕೊಡುತ್ತಿದ್ದೇನೆ, ಮಗಳನ್ನೋ ಅಥವಾ ಇನ್ನೇನನ್ನೋ?

"ತೂಕ ಇತ್ತಾ ಲೀಲಮ್ಮ?"

"ಐತ್ರಿ."

"ಸತ್ತೋರಿಗೆ ತೂಕ ಇಲ್ಲೆ ಅಂದೇಳಿ ನೀವೇ ಹೇಳಿರ್." ಅಕ್ಕಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳ ಮುಖದಲ್ಲಿ ಅಳುವೂ ಇರಲಿಲ್ಲ, ನಗುವೂ ಇರಲಿಲ್ಲ. ದೋಣಿ ಇಳಿಸುವ ಮೊದಲು ಅಲೆ ಅಳೆಯುವವರ ಮುಖದಂತಿತ್ತು. "ನಾನಿಲ್ದೆ ಒಬ್ಳೇ ಕುಣಿತಿತ್ ಹೆಣ್ಣ್," ಎಂದವಳೇ ಕೆಳಗಿಳಿದಳು.

ಪರದೆಯ ಮೇಲೆ ಅವಳ ಬಿಳಿ ಹೆಜ್ಜೆ ಮೈದಾನ ದಾಟಿ, ಸುತ್ತಿನೊಳಗೆ ಹೊಕ್ಕು, ತನ್ನದೇ ಹಳದಿಯ ಮೇಲೆ ನಿಂತಿತು. ಹಳದಿ ಆರಿತು. ವಾರಗಿತ್ತಿ ಅವಳತ್ತ ಕೈ ಚಾಚಿದಳು. ಅಕ್ಕಣಿ ಆ ಕೈ ಹಿಡಿಯಲಿಲ್ಲ. ಜಾಗವನ್ನೂ ಬಿಡಲಿಲ್ಲ; ಅಂಗೈ ಬಿಚ್ಚಲಿಲ್ಲ. ಎಡಗೈಯನ್ನು ತನ್ನ ಭುಜದ ಎತ್ತರಕ್ಕೆ, ತನ್ನಷ್ಟೇ ಎತ್ತರದವಳೊಬ್ಬಳ ಕೈ ಹಿಡಿಯುವವಳ ಹಾಗೆ, ಎತ್ತಿ ಮುಷ್ಟಿ ಮುಚ್ಚಿದಳು. ವಾರಗಿತ್ತಿ ಒಂದು ಗಳಿಗೆ ಕಣ್ಣರಳಿಸಿ ನೋಡಿ, ಆಮೇಲೆ ತಾನೂ ಏನನ್ನೋ ಹಿಡಿದುಕೊಂಡಳು. ಹಾಗೇ ಇನ್ನೂ ಮೂರು ಸುತ್ತು ಸಾಗಿತು.

ಹೊಲದ ಮೇಲೆ ಸೂರ್ಯನ ತುದಿಯಷ್ಟೇ ಉಳಿದಿತ್ತು. ಶಿವಲೀಲಾಳ ಮುಂದೆ ಪಟ್ಟಿ ತೆರೆದಿತ್ತು. ನಲವತ್ತು ಹೆಸರುಗಳ ಮುಂದೆ 'ಗತ'. ನಲವತ್ತೊಂದನೆಯದರ ಮುಂದೆ ಎರಡು ಚೌಕ: ಗತ, ಹಾಜರು. ಹಾಜರು ಎನ್ನಬೇಕಾದರೆ ಮೂರು ಸುತ್ತು ತೂಕವಿರುವ ಹೆಜ್ಜೆ ಬಿದ್ದಿರಬೇಕು. ಬಿದ್ದಿತ್ತು. ಕಣ್ಣಿಗೂ ಕಾಣಬೇಕೆಂದು ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ಕಾಗದವಿಲ್ಲದವರನ್ನು ಕಾಲಿನಿಂದ ನಂಬುತ್ತೇವೆ ಎಂದು ಹೇಳಿದವರು ನಾವೇ ಅಲ್ಲವೇ, ಈಗ ಕಾಲಿದ್ದರೆ ಮುಖ ಎಲ್ಲಿ ಎಂದು ಕೇಳಲೇ? ಫೋನು ಮತ್ತೆ ಅರಚಿತು. ಅವಳು ಎತ್ತಲಿಲ್ಲ. 'ಹಾಜರು' ಒತ್ತಿದಳು.

ಚಂದ್ರಾವತಿ, ಮರಳಕೋಡಿ. ವಯಸ್ಸು ಇಪ್ಪತ್ತೊಂದು. ಹಾಜರು. ಯಂತ್ರ ಒಂದೇ ಒಂದು ಪ್ರಶ್ನೆ ಕೇಳಿತು: ಈಗ ಇರುವ ಜಾಗ? ಅದು ಪ್ರತಿ ಹೊಸ ಹೆಸರಿಗೂ ಕೇಳುವ ಮಾಮೂಲಿ ಪ್ರಶ್ನೆ. ಉತ್ತರವನ್ನೂ ಅದೇ ತುಂಬಿಕೊಳ್ಳುತ್ತದೆ.

ಗುಮ್ಮಟೆ ನಿಂತಿತ್ತು. ಸುತ್ತು ಚೆದುರಿ ಜನ ಊಟದ ಪಂಕ್ತಿಯ ಕಡೆ ಹೋಗುತ್ತಿದ್ದರು. ಪರದೆಯ ತುಂಬ ಬಿಳಿ ಹೆಜ್ಜೆಗಳ ಗೋಜಲು. ಅದರಿಂದ ಬಿಡಿಸಿಕೊಂಡು ಎರಡು ಸಾಲು ಜೊತೆಜೊತೆಯಾಗಿ ಮೂಲೆಯ ಕಡೆಗೆ ಬಂದವು.

ಮೆಟ್ಟಿಲು ಒಂದು, ಎಂದು ಯಂತ್ರ ಬರೆಯಿತು. ಮೆಟ್ಟಿಲು ಎರಡು. ಮೂರು.

ಶಿವಲೀಲಾ ಬಾಗಿಲನ್ನೇ ನೋಡುತ್ತ ಕುಳಿತಳು. ಅಕ್ಕಣಿಯ ಬಳೆಯ ಸದ್ದು ಹತ್ತಿರವಾಯಿತು. ಅವಳು ಮಾತಾಡುತ್ತ ಬರುತ್ತಿದ್ದಳು, ಮೆಲ್ಲಗೆ, ಮನೆಮಾತಿನಲ್ಲಿ. ನಡುನಡುವೆ ನಿಲ್ಲಿಸಿ, ಕೇಳಿಸಿಕೊಂಡು, ಹ್ಞೂಂ ಎನ್ನುತ್ತಿದ್ದಳು. ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಅಕ್ಕಣಿಯೊಬ್ಬಳೇ ನಿಂತಿದ್ದಳು. ಬೆವೆತ ಹಣೆ, ಬಿಚ್ಚಿದ ಮುಡಿ, ಮುಚ್ಚಿದ ಎಡಮುಷ್ಟಿ.

"ಲೀಲಮ್ಮ, ಹೆಸ್ರ್ ಬರೆವುದ್ ನೀವಲ್ದಾ, ಒಂದ್ ಸಲ ಕಂಡ್ಕಂಡ್ ಹೋಪ ಅಂದೇಳಿ ಬಂದದ್ದ್," ಎಂದಳು. ಹಾಗೆಂದು ಮೈ ಓರೆ ಮಾಡಿ, ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ, ಯಾರನ್ನೋ ಮೊದಲು ಒಳಗೆ ಬಿಟ್ಟಳು.

ಕೋಣೆ ಚಿಕ್ಕದು. ಶಿವಲೀಲಾ ತನಗೆ ಗೊತ್ತಿಲ್ಲದ ಹಾಗೆಯೇ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಒಂದಾಳು ನಿಲ್ಲುವಷ್ಟು ಜಾಗ ಮಾಡಿದಳು.